ನೀಲಿ ಮೊದಲು, ಕೆಂಪು ಆಮೇಲೆ

ಅವಳಿಗೆ ಗುಂಯ್ಯಮ್ಮ ಎಂದು ಹೆಸರಿಟ್ಟವನು ಕೆಳಗಿನ ಅಂಗಡಿಯ ದರ್ಜಿ. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಕಾರ್ಯಕ್ರಮದ ಪೋಸ್ಟರುಗಳಲ್ಲಿ ಅದೇ ಅಚ್ಚಾಗುತ್ತಿತ್ತು. ಆದರೆ ಬೀದಿಯಲ್ಲಿ ಚಲಾವಣೆಯಲ್ಲಿದ್ದುದು ದರ್ಜಿ ಇಟ್ಟದ್ದೇ. ತಪ್ಪು ಅವನದಲ್ಲ. ಬೆಳಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಸಂಜೆ ಏಳುವವರೆಗೂ ತಲೆಯ ಮೇಲೆ ಒಂದೇ ಸಮನೆ ಗುಂಯ್ ಎಂದು ಕೇಳುತ್ತಿದ್ದರೆ ಪಾಪ, ಅವನು ಇನ್ನೇನೆಂದು ಕರೆದಾನು?

"ನಿಮ್ಮ ಹಾಡು ಯಾವಾಗ ಶುರುವಾಗುತ್ತೆ ಅಂತ ಕಾಯ್ತಾ ಕಾಯ್ತಾ ಒಂದು ಪ್ಯಾಂಟೇ ಹೊಲಿದು ಮುಗಿಸ್ದೆ ಕಣಮ್ಮ," ಎಂದ ಒಮ್ಮೆ, ಮೆಟ್ಟಿಲ ಬಳಿ ಸಿಕ್ಕಾಗ.

"ಅದೇ ಹಾಡು," ಎಂದಳು ಅವಳು.

"ಅಯ್ಯೋ, ಹೌದಾ? ನಾನು ಫ್ರಿಜ್ಜು ಕೆಟ್ಟಿದೆ ಅಂದ್ಕೊಂಡಿದ್ದೆ."

ಅವಳ ಕಸುಬು ಏನೆಂದು ಹೇಳುವುದು ಕಷ್ಟವಲ್ಲ, ಕೇಳಿದವರು ಮೂಗು ಮುರಿಯದ ಹಾಗೆ ಹೇಳುವುದು ಕಷ್ಟ. ಅವಳು ಹಾಡುಗಾರ್ತಿ. ಹಾಡು ಕಟ್ಟುವವಳೂ ಅವಳೇ. ಪಕ್ಕವಾದ್ಯದವರು ಅಂತ ಯಾರೂ ಇಲ್ಲ. ಎದುರಿಗೊಂದು ಮೈಕು, ಮೇಜಿನ ಮೇಲೆ ತಿರುಗಣೆಗಳಿರುವ ಒಂದು ಪೆಟ್ಟಿಗೆ, ನೆಲದ ಮೇಲೆ ಸಾಲಾಗಿ ಪೆಡಲುಗಳು. ಒಂದನ್ನು ಕಾಲಲ್ಲಿ ಒತ್ತಿ ಅವಳು ಒಂದು ಸಾಲು ಹಾಡಿದರೆ ಪೆಟ್ಟಿಗೆ ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಹಾಡುತ್ತದೆ. ಅದರ ಮೇಲೆ ಅವಳು ಇನ್ನೊಂದು ಸಾಲು ಹಾಕುತ್ತಾಳೆ, ಅದರ ಮೇಲೆ ಮತ್ತೊಂದು. ಕೆಲವೊಮ್ಮೆ ಸಾಲೂ ಅಲ್ಲ, ಬರಿಯ ಉಸಿರು, ನಾಲಿಗೆಯ ಲೊಟ್ಟೆ, ಹಲ್ಲು ಕಡಿದ ಸದ್ದು. ತಿರುಗಣೆ ತಿರುಗಿಸಿ ಒಂದು ದನಿಯನ್ನು ದಪ್ಪ ಮಾಡುತ್ತಾಳೆ, ಒಂದನ್ನು ದೂರ ಕಳಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಒಂದು ಮನೆಯ ತುಂಬ ಹೆಂಗಸರು ಸೇರಿ ಹಾಡಿದಂತೆ ಕೇಳತೊಡಗುತ್ತದೆ. ನೋಡಿದರೆ ಅಷ್ಟೂ ಜನ ಅವಳೇ, ಒಬ್ಬಳೇ, ಬರಿಗಾಲಲ್ಲಿ ನಿಂತಿರುತ್ತಾಳೆ. ಬರಿಗಾಲೇ ಯಾಕೆಂದರೆ ಯಾವ ಪೆಡಲು ಎಲ್ಲಿದೆ ಎಂಬುದು ಅವಳ ಕಣ್ಣಿಗಿಂತ ಅಂಗಾಲಿಗೆ ಚೆನ್ನಾಗಿ ಗೊತ್ತು.

ಅವಳದೊಂದು ನಿಯಮ. ಮೊದಲೇ ತುಂಬಿಸಿ ತಂದದ್ದು ಏನೂ ಇರಕೂಡದು, ಮುಗಿದ ಮೇಲೆ ಏನೂ ಉಳಿಯಕೂಡದು. ಕೇಳುಗರು ಫೋನುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಿ ಒಳಗೆ ಬರಬೇಕು. ಕೊನೆಯಲ್ಲಿ ಅವಳು ಸಾಲಿನ ತುದಿಯ ಪೆಡಲನ್ನು, ಕೆಂಪು ಪಟ್ಟಿ ಅಂಟಿಸಿದ್ದನ್ನು, ಒತ್ತಿ ಹಿಡಿಯುತ್ತಾಳೆ. ಕಟ್ಟಿದ್ದೆಲ್ಲ ಒಂದೇಟಿಗೆ ಅಳಿಸಿ ಹೋಗುತ್ತದೆ. ಆಮೇಲೆ ಉಳಿಯುವ ಮೌನವೂ ಹಾಡಿನ ಭಾಗವೇ ಎಂದು ಅವಳು ಸಂದರ್ಶನಗಳಲ್ಲಿ ದೊಡ್ಡದಾಗಿ ಹೇಳುತ್ತಿದ್ದಳು. ಜನ ತಲೆದೂಗುತ್ತಿದ್ದರು.

ನಿಜ ಅಷ್ಟು ಚಂದವಿರಲಿಲ್ಲ. ಶುರುವಿನಲ್ಲಿ ಅವಳೂ ಎಲ್ಲವನ್ನೂ ಕೂಡಿಡುತ್ತಿದ್ದಳು. ಕೋಣೆಯಲ್ಲಿ ಅವನ್ನೇ ಹಾಕಿಕೊಂಡು ಕೂತಿರುತ್ತಿದ್ದಳು, ತನ್ನದೇ ದನಿಗಳ ನಡುವೆ. ಒಂದು ದಿನ ಬಾಗಿಲು ಬಡಿದ ದರ್ಜಿಗೆ ಉತ್ತರ ಕೊಡಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಮನುಷ್ಯರ ಹತ್ತಿರ ಮುಖ ನೋಡಿ ಮಾತಾಡಿ ಎಷ್ಟು ದಿನವಾಯಿತೆಂದು ಅವಳಿಗೇ ಅಂದಾಜಾಗಲಿಲ್ಲ. ಹೆದರಿಬಿಟ್ಟಳು. ಆವತ್ತೇ ಎಲ್ಲ ಅಳಿಸಿದಳು. ಅಂದಿನಿಂದ ಕೋಣೆಯ ಅಭ್ಯಾಸವಿರಲಿ, ವೇದಿಕೆಯಿರಲಿ, ಹಾಡು ಮುಗಿದದ್ದೇ ಕೆಂಪು. ಕೆಂಪಿನ ಪಕ್ಕದಲ್ಲೇ ನೀಲಿ ಪಟ್ಟಿಯ ಪೆಡಲೂ ಒಂದಿತ್ತು, ಹಾಡಿದ್ದನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿಡಲು. ಅದರ ಮೇಲೆ ಧೂಳು ಕೂತಿತ್ತು.

ಹೊಟ್ಟೆಪಾಡಿಗೆ ಮಾತ್ರ ಅವಳ ದನಿ ಬೇಕಾದಷ್ಟು ಕಡೆ ಉಳಿದುಕೊಂಡಿತ್ತು. ಲಿಫ್ಟುಗಳಲ್ಲಿ ಮಹಡಿಯ ಸಂಖ್ಯೆ ಹೇಳುವವಳು ಅವಳು. ಫೋನಿನಲ್ಲಿ ದಯವಿಟ್ಟು ಕಾಯಿರಿ ಎನ್ನುವವಳೂ ಅವಳೇ. ಅರ್ಧ ಊರು ದಿನವೂ ಅವಳ ಮಾತು ಕೇಳುತ್ತಿತ್ತು, ಅವಳನ್ನು ಮಾತಾಡಿಸುವವರು ಮಾತ್ರ ಇರಲಿಲ್ಲ.

ಒಬ್ಬಳಿದ್ದಳು ಎನ್ನಿ. ಅಕ್ಕ.

ಅಕ್ಕ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೋಟೆಲುಗಳ ಬೆಡ್‌ಶೀಟುಗಳು ಅಲ್ಲಿಗೆ ಗಾಡಿಗಟ್ಟಲೆ ಬರುತ್ತಿದ್ದವು. ಅಮ್ಮ ತೀರಿಕೊಂಡಾಗ ಅಕ್ಕನಿಗೇ ಇನ್ನೂ ಸರಿಯಾಗಿ ಬುದ್ಧಿ ಬಂದಿರಲಿಲ್ಲ, ಆದರೂ ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಕೆಲಸಕ್ಕೆ ಹೊರಟಳು. ನಡುವೆ ಭಾವ ಅಂತ ಒಬ್ಬ ಬಂದ, ಕೆಲವು ಕಾಲ ಇದ್ದ, ಹೋದ. ಅವನ ವಿಷಯ ಅಷ್ಟೇ ಸಾಕು. ತಂಗಿಗೆ ಕೈಗೆಟಕುವ ಎತ್ತರ ಬಂದ ಮೇಲೆ ಇಬ್ಬರೂ ಸೇರಿ ಶೀಟು ಮಡಿಸುತ್ತಿದ್ದರು. ಇದಕ್ಕೊಂದು ಕ್ರಮವಿದೆ. ಒಬ್ಬಳು ಒಂದು ತುದಿ ಹಿಡಿದು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬಳು ತನ್ನ ತುದಿಯನ್ನು ಹಿಡಿದು ಮುಂದೆ ಬಂದು ಅವಳ ಕೈಗೆ ಕೊಟ್ಟು, ಮಡಿಕೆಯನ್ನು ಹಿಡಿದು ಹಿಂದೆ ಸರಿಯಬೇಕು. ಹೆಜ್ಜೆ ತಪ್ಪಿದರೆ ಶೀಟು ನೆಲ ಮುಟ್ಟುತ್ತದೆ, ನೆಲ ಮುಟ್ಟಿದರೆ ಮತ್ತೆ ಒಗೆತಕ್ಕೆ ಹೋಗುತ್ತದೆ. ಹೆಜ್ಜೆ ತಪ್ಪದಿರಲೆಂದು ಅಕ್ಕ ಗುನುಗುತ್ತಿದ್ದಳು. ಮಾತಿಲ್ಲ, ರಾಗ ಅಂತಲೂ ಹೇಳುವಂತಿಲ್ಲ. ಎದೆಯ ಆಳದಿಂದ ಎದ್ದು, ತುಸು ಏರಿ, ಮತ್ತೆ ಇನ್ನೂ ಕೆಳಕ್ಕೆ ಇಳಿದು ನಿಲ್ಲುವ ಒಂದು ಗುನುಗು. ಏರಿದಾಗ ತಂಗಿ ಮುಂದೆ ಬರಬೇಕು, ಇಳಿದಾಗ ಹಿಂದೆ ಸರಿಯಬೇಕು.

ಗುಂಯ್ಯಮ್ಮನ ಎಲ್ಲ ಹಾಡುಗಳ ತಳದಲ್ಲಿದ್ದದ್ದು ಆ ಗುನುಗೇ. ಪತ್ರಿಕೆಯವರು ಏನೇನೋ ಬರೆಯುತ್ತಿದ್ದರು, ಗಾಳಿ ಎನ್ನುವವರು, ಗರ್ಭ ಎನ್ನುವವರು. ಅವಳು ಸುಮ್ಮನಿರುತ್ತಿದ್ದಳು. ಆದರೆ ಆ ಕೊನೆಯ ಇಳಿತ ಅವಳ ಗಂಟಲಿಗೆ ದಕ್ಕುತ್ತಿರಲಿಲ್ಲ. ಅವಳದು ಮೇಲಿನ ದನಿ, ಅಲ್ಲಿಗೆ ಇಳಿದರೆ ಬರಿಯ ಉಸಿರಾಗುತ್ತಿತ್ತು.

ಅಕ್ಕ ಒಮ್ಮೆ ಕಾರ್ಯಕ್ರಮಕ್ಕೆ ಬಂದಿದ್ದಳು. ಅರ್ಧಕ್ಕೇ ಎದ್ದು ಹೊರಗೆ ಹೋಗಿ ಕೂತಳು. "ಯಾಕಕ್ಕ, ಹಿಡಿಸಲಿಲ್ವಾ?" ಎಂದರೆ, "ಹಿಡಿಸೋದು ಬಿಡೋದು ಆಮೇಲೆ. ನಿಂಗೆ ಹೊಟ್ಟೆನೋವೇನೋ ಅಂತ ಗಾಬರಿಯಾಯ್ತು ಕಣೆ," ಎಂದಿದ್ದಳು. ಆದರೆ ದಿನವೂ ಸಂಜೆ ಫೋನು ಮಾಡುವವಳು ಅವಳೇ. "ಪುಟ್ಟೀ, ತಿಂದ್ಯಾ?" ಅಷ್ಟೇ ಮಾತು. ತಿಂದೆ ಎಂದರೆ ಇಟ್ಟುಬಿಡುತ್ತಿದ್ದಳು. ಗುಂಯ್ಯಮ್ಮನನ್ನು ಪುಟ್ಟಿ ಎಂದು ಕರೆಯುವ ದನಿ ಈ ಭೂಮಿಯ ಮೇಲೆ ಅದೊಂದೇ ಇತ್ತು.

ಆ ದನಿ ಒಡೆಯತೊಡಗಿತು. ಶೀತ ಎಂದರು, ಲಾಂಡ್ರಿಯ ಹಬೆ ಎಂದರು, ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಅಕ್ಕತಂಗಿ ಲಿಫ್ಟು ಹತ್ತಿದರೆ, "ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ," ಎಂದು ಗುಂಯ್ಯಮ್ಮನ ದನಿಯೇ ಹೇಳಿತು.

"ನೀನೇ ಅಲ್ವೇನೆ?" ಅಕ್ಕ ಮೇಲೆ ನೋಡಿ ನಕ್ಕಳು. "ಮನೇಲಿ ಯಾವತ್ತೂ ಇಷ್ಟು ಮರ್ಯಾದೆ ಕೊಟ್ಟು ಮಾತಾಡಿಲ್ಲ."

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಗಂಟಲಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. "ಜೀವಕ್ಕೇನೂ ಹೆದರ್ಬೇಡಿ. ಊಟ, ಓಡಾಟ ಎಲ್ಲ ಮೊದಲಿನ ಹಾಗೇ ಆಗುತ್ತೆ. ಮಾತು ಮಾತ್ರ ಬರಲ್ಲ."

"ಬರದಿದ್ರೆ ಬೇಡ ಬಿಡಿ," ಎಂದಳು ಅಕ್ಕ. "ಆಡಬೇಕಾಗಿದ್ದೆಲ್ಲ ಆಡಿ ಆಗಿದೆ." ಇಳಿಯುವಾಗ ಲಿಫ್ಟು ಬೇಡವೆಂದು ಮೆಟ್ಟಿಲು ಹಿಡಿದಳು. ತಂಗಿ ಹಿಂದೆ ಹಿಂದೆ ಇಳಿದಳು. ಅವಳ ತಲೆಯಲ್ಲಿ ಒಂದೇ ಯೋಚನೆ. ಮನೆ ತುಂಬ ಮೈಕುಗಳಿವೆ, ಅಕ್ಕನ ದನಿ ಮಾತ್ರ ಒಂದು ತುಣುಕೂ ಇಲ್ಲ.

ದನಿ ಹಿಡಿದಿಟ್ಟುಕೊಳ್ಳಲಾ ಎಂದು ಅವಳು ಕೇಳಿದಳು. ಅಕ್ಕ ಬೇಡ ಎಂದಳು. ತಂಗಿ ಗೋಗರೆದಳು. ಊಹೂಂ. ಕೊನೆಗೆ ಕಳ್ಳದಾರಿ ಹಿಡಿದು, ಅಕ್ಕನ ಅಡುಗೆಮನೆಯ ಬ್ರೆಡ್ಡಿನ ಡಬ್ಬಿಯಲ್ಲಿ ಸಣ್ಣ ರೆಕಾರ್ಡರು ಬಚ್ಚಿಟ್ಟಳು. ಒಂದು ಹೊತ್ತಿಗೆಲ್ಲ ಸಿಕ್ಕಿಬಿತ್ತು. ಅಕ್ಕ ಡಬ್ಬಿಯ ಬಾಯಿಗೆ ಬಾಯಿಟ್ಟು, "ಹಲೋ, ಒಳಗಿರೋರೇ, ಬ್ರೆಡ್ಡು ಖಾಲಿ ಮಾಡ್ಬೇಡಿ," ಎಂದಳು. ಅದನ್ನು ತೆಗೆದು ತಂಗಿಯ ಕೈಗಿಟ್ಟು, "ನನ್ನೆದುರಿಗೇ ಅಳಿಸು," ಎಂದಳು. ಅಳಿಸಲೇಬೇಕಾಯಿತು.

"ಯಾಕಕ್ಕ ಇಷ್ಟು ಹಟ? ಏನು ಕಳ್ಕೋತೀಯ ನೀನು?"

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳ ದನಿ ಆಗಲೇ ಮರದ ಪುಡಿ ಉದುರಿದ ಹಾಗಿತ್ತು. "ಕೇಳಿಲ್ಲಿ. ನಾನೇನು ಸಾಯ್ತಾ ಇಲ್ಲ. ಇರ್ತೀನಿ, ಮೂಗಿಯಾಗಿ ಇರ್ತೀನಿ. ನಿನ್ನ ಮನೆಗೆ ಬರ್ತೀನಿ. ಒಳಗಿಂದ ನನ್ನ ದನಿ ಕೇಳ್ಸುತ್ತೆ, ನೀನು ಅದನ್ನ ಹಾಕ್ಕೊಂಡು ಕೂತಿರ್ತೀಯ. ಬಾಗಿಲು ತಟ್ಟಿದ್ರೂ ನಿಂಗೆ ಗೊತ್ತಾಗಲ್ಲ. ನಂಗೊತ್ತು ನಿನ್ನ ಚಾಳಿ. ಬದುಕಿರೋಳು ಹೊರಗೆ ನಿಂತಿರಬೇಕು, ಪೆಟ್ಟಿಗೇಲಿರೋಳು ಒಳಗೆ. ಅದು ಬೇಡ ನಂಗೆ."

ಅಕ್ಕ ಹೇಳಿದ್ದು ನಿಜ. ನಿಜವಾದ್ದರಿಂದಲೇ ಗುಂಯ್ಯಮ್ಮ ಕಣ್ಣು ತಪ್ಪಿಸಿದಳು. ಅವಳ ಮುಖ ನೋಡಿ ಅಕ್ಕ ತುಸು ಮೆತ್ತಗಾದಳು.

"ನಿನ್ನ ಆಟದಲ್ಲಿ ಕೊನೇಲಿ ಎಲ್ಲಾ ಅಳಿಸಿಬಿಡ್ತೀಯಲ್ಲ?"

"ಹೂಂ."

"ಹಾಗಾದ್ರೆ ಅಲ್ಲಿ ಬಂದು ಹಾಡ್ತೀನಿ. ಒಂದ್ಸಲ. ಎಲ್ಲರೆದುರಿಗೆ. ಹಾಡಿ, ಅಳಿಸಿ, ಮುಗೀತು. ಅಳಿಸ್ತೀಯ ಅಂತ ಮಾತು ಕೊಡು."

"ಕೊಟ್ಟೆ," ಎಂದಳು ಗುಂಯ್ಯಮ್ಮ. ಹೇಳುವಾಗಲೇ ಅವಳ ಮನಸ್ಸು ನೀಲಿ ಪೆಡಲಿನ ಮೇಲಿತ್ತು.

ಉಪಾಯ ತೀರಾ ಸರಳ. ಮೊದಲು ನೀಲಿ ಒತ್ತುವುದು, ಉಳಿಯಿತು. ಆಮೇಲೆ ಕೆಂಪು ಒತ್ತುವುದು, ಅಕ್ಕನ ಕಣ್ಣಿಗೆ ಅಳಿಸಿತು. ಯಾರಿಗೂ ಗೊತ್ತಾಗುವುದಿಲ್ಲ. ಅವಳು ನೀಲಿ ಪೆಡಲಿನ ಧೂಳು ಒರೆಸಿದಳು, ಹೊಸ ಕಾರ್ಡು ಹಾಕಿದಳು, ಕೋಣೆಯಲ್ಲಿ ಅಭ್ಯಾಸ ಶುರುಮಾಡಿದಳು. ನೀಲಿ ಮೊದಲು, ಕೆಂಪು ಆಮೇಲೆ. ನೀಲಿ ಮೊದಲು, ಕೆಂಪು ಆಮೇಲೆ. ಬಾಯಲ್ಲೇ ಹೇಳಿಕೊಂಡು ಕಾಲಿಟ್ಟಳು. ಅಕ್ಕನಿಗೆ ಮೋಸ ಮಾಡುತ್ತಿದ್ದೇನೆ ಎಂಬುದು ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಮಾಡುವಷ್ಟು ಭಯವಾಗಿತ್ತು. ಪುಟ್ಟಿ ಎಂದು ಕರೆಯುವವರಿಲ್ಲದ ಮನೆಯನ್ನು ನೆನೆದರೇ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ, ಹಳೆಯ ಪೀಠೋಪಕರಣ ಕಾರ್ಖಾನೆಯ ಗೋದಾಮಿನಲ್ಲಿ. ಎತ್ತರದ ಕಿಟಕಿಗಳಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು, ಇನ್ನೂ ವಾರ್ನಿಶಿನ ವಾಸನೆ ಹೋಗಿರಲಿಲ್ಲ. ಮಾರನೆಯ ದಿನ ಅಕ್ಕ ಆಸ್ಪತ್ರೆಗೆ ಸೇರಬೇಕಿತ್ತು. ಜನ ಬರುವ ಮೊದಲೇ ಅವಳು ಬಂದು, ಚಪ್ಪಲಿ ಬಿಟ್ಟು, ಪೆಡಲುಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಇದು?"

"ಶುರು ಮಾಡೋದು."

"ಈ ಕೆಂಪು?"

"ಅಳಿಸೋದು."

"ನೀಲಿ?"

"ಅದು ಕೆಟ್ಟೋಗಿದೆ ಅಕ್ಕ."

ಅಕ್ಕ ಶೀಟಿನ ಕಲೆ ನೋಡುವ ಹಾಗೆ ನೀಲಿ ಪೆಡಲಿನ ಮೇಲೆ ಬೆರಳಾಡಿಸಿದಳು. ಹೂಂ ಎಂದು ಎದ್ದಳು. "ಸುಮ್ನೆ ನಿಂತು ಹಾಡು ಅಂದ್ರೆ ನಂಗೆ ಬರಲ್ಲ. ಕೈಗೆ ಏನಾದ್ರೂ ಕೊಡು." ಕೊಡಲು ಏನಿದೆ? ಗೋದಾಮಿನವರು ಕುರ್ಚಿಗಳಿಗೆ ಮುಚ್ಚಿದ್ದ ಬಿಳಿ ಬಟ್ಟೆಯೊಂದನ್ನು ಎಳೆದುಕೊಂಡಳು. "ಇದಾಗುತ್ತೆ. ನೀನು ನಿಂತಲ್ಲೇ ನಿಂತಿರು, ಪೆಡಲು ನೋಡ್ಕೋ. ಈ ಸಲ ನಡಿಯೋಳು ನಾನು."

ಗುಂಯ್ಯಮ್ಮ ಮೊದಲು ತನ್ನ ದನಿಗಳನ್ನು ಕಟ್ಟಿದಳು. ತೆಳ್ಳಗೆ, ಒಂದರ ಮೇಲೊಂದು, ನಡುವೆ ಜಾಗ ಬಿಟ್ಟು. ಆಮೇಲೆ ಅಕ್ಕನ ಕಡೆ ತಿರುಗಿ ಬಟ್ಟೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಹಿಡಿದು ಅಕ್ಕ ಹಿಂದೆ ಸರಿದಳು, ಬಟ್ಟೆಯನ್ನು ಒಮ್ಮೆ ಫಟ್ ಎಂದು ಕೊಡವಿದಳು, ಗುನುಗಿದಳು.

ಒಡೆದ ದನಿ. ಆದರೂ ಅದೇ. ಎದೆಯ ಆಳದಿಂದ ಎದ್ದು ಏರಿತು, ಅಕ್ಕ ಮುಂದೆ ಬಂದಳು. ಗುಂಯ್ಯಮ್ಮ ಕಾಲಲ್ಲಿ ಒತ್ತಿದಳು, ಪೆಟ್ಟಿಗೆ ಹಿಡಿದುಕೊಂಡಿತು. ಗುನುಗು ಇಳಿದು, ಇಳಿದು, ತಂಗಿಗೆ ಎಂದೂ ದಕ್ಕದ ಆ ಜಾಗಕ್ಕೆ ಇಳಿದು ನಿಂತಿತು. ಅಕ್ಕ ಹಿಂದೆ ಸರಿದಳು. ಮರುಸುತ್ತಿನಲ್ಲಿ ಪೆಟ್ಟಿಗೆ ಅದನ್ನು ಹಾಡಿದಾಗ ಅಕ್ಕ ಒಂದು ಕ್ಷಣ ಬೆಚ್ಚಿ ತಂಗಿಯ ಮುಖ ನೋಡಿದಳು, ಆಮೇಲೆ ತನ್ನದೇ ದನಿಯ ಜೊತೆ ಇನ್ನೊಂದು ಸುತ್ತು ಗುನುಗಿದಳು. ಬಟ್ಟೆ ಅರ್ಧವಾಯಿತು, ಕಾಲಾಯಿತು. ಗುಂಯ್ಯಮ್ಮ ಹಾಡಿದಳು. ಅವಳ ಹಾಡುಗಳಿಗೆ ಮೊದಲ ಸಲ ತಳ ಸಿಕ್ಕಿತ್ತು. ಅಷ್ಟು ವರ್ಷ ಗಾಳಿಯಲ್ಲಿ ನೇತಾಡುತ್ತಿದ್ದ ದನಿಗಳೆಲ್ಲ ಕಾಲೂರಿ ನಿಂತವು. ಇಷ್ಟು ಜನರ ನಡುವೆ ತಾನು ಒಬ್ಬಳೇ ಅಲ್ಲ ಎಂದು ಅವಳಿಗೆ ಅನ್ನಿಸಿತು, ಹಾಡುತ್ತಿರುವಾಗ ಹಾಗನ್ನಿಸಿದ್ದು ಲಾಂಡ್ರಿಯ ದಿನಗಳ ನಂತರ ಅದೇ ಮೊದಲು. ಮಡಿಸಿದ ಬಟ್ಟೆಯನ್ನು ಅಕ್ಕ ಅವಳ ತೋಳಿನ ಮೇಲಿಟ್ಟು, ಕೈಯಿಂದ ಒಮ್ಮೆ ನೇವರಿಸಿ, ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಗುನುಗು ಮಾತ್ರ ಹಾಡುತ್ತಲೇ ಇತ್ತು.

ಗುಂಯ್ಯಮ್ಮನಿಗೆ ಕಣ್ಣು ತುಂಬಿ ಬಂತು. ಕಣ್ಣು ಮುಚ್ಚಿದಳು. ಒಂದೊಂದಾಗಿ ತನ್ನ ದನಿಗಳನ್ನು ತಗ್ಗಿಸಿದಳು, ಕೊನೆಗೆ ಅಕ್ಕನದೊಂದೇ ಉಳಿಯಿತು. ಅದು ಏರಿತು, ಇಳಿಯಿತು. ಇನ್ನೊಮ್ಮೆ. ಅದು ಕೆಳಗೆ ಇಳಿದು ನಿಂತ ಕಡೆ ಹಾಡು ಮುಗಿಯಬೇಕೆಂದು ಅವಳಿಗೆ ಅನ್ನಿಸಿತು, ಕಾಲು ತಾನಾಗಿ ಎದ್ದಿತು, ಹೋಗಿ ಒತ್ತಿ ಹಿಡಿಯಿತು.

ಮೌನ. ಎಷ್ಟೋ ಹೊತ್ತಿನ ಮೇಲೆ ಜನ ಚಪ್ಪಾಳೆ ತಟ್ಟಿದರು. ಅವಳು ಕಣ್ಣು ಬಿಟ್ಟು ಕೆಳಗೆ ನೋಡಿದಳು. ಅಂಗಾಲು ಕೆಂಪು ಪಟ್ಟಿಯ ಮೇಲಿತ್ತು.

ನೀಲಿ ಒತ್ತಿದೆನೇ? ಒತ್ತಿರಲಿಲ್ಲ. ವರ್ಷಗಟ್ಟಲೆ ಹಾಡು ಮುಗಿದ ಕೂಡಲೇ ಎಲ್ಲಿಗೆ ಹೋಗುತ್ತಿತ್ತೋ ಕಾಲು ಅಲ್ಲಿಗೇ ಹೋಗಿತ್ತು. ಕೆಲವೇ ದಿನಗಳ ಕಳ್ಳ ಅಭ್ಯಾಸ ಅದರ ಲೆಕ್ಕಕ್ಕೇ ಬಂದಿರಲಿಲ್ಲ. ಅವಳು ಮಂಡಿಯೂರಿ ಕಾರ್ಡು ನೋಡಿದಳು, ಖಾಲಿ. ಅಳಿಸಿದ್ದನ್ನು ಮರಳಿ ತರುವ ಗುಂಡಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಇಲ್ಲವೆಂಬ ಕಾರಣಕ್ಕೇ ಅವಳು ಅದನ್ನು ಆರಿಸಿ ತಂದಿದ್ದಳು.

ಜನರೆಲ್ಲ ಹೋದ ಮೇಲೆ ನೋಡಿದರೆ ಅಕ್ಕ ಗೋದಾಮಿನ ಹಿಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು.

"ಪುಟ್ಟೀ, ಬಾ ಇಲ್ಲಿ." ದನಿ ಹೆಚ್ಚುಕಮ್ಮಿ ಪಿಸುಮಾತಾಗಿತ್ತು. ಗುಂಯ್ಯಮ್ಮ ಪಕ್ಕದಲ್ಲಿ ಕೂತಳು. "ನೀಲೀದು ಕೆಟ್ಟಿಲ್ಲ ಅಂತ ನಂಗೊತ್ತಿತ್ತು ಕಣೆ. ಬೇರೆದ್ರ ಮೇಲೆಲ್ಲ ನಿನ್ನ ಕಾಲಿನ ಕೊಳೆ, ಅದೊಂದು ಒರೆಸಿಟ್ಟಂಗಿತ್ತು. ಕೆಟ್ಟಿರೋದನ್ನ ಯಾರು ಒರೆಸ್ತಾರೆ?"

ಗುಂಯ್ಯಮ್ಮ ತಲೆ ಬಗ್ಗಿಸಿ ಅಂಗಾಲಿನ ಧೂಳು ತಿಕ್ಕಿದಳು.

"ಒತ್ತೇ ಒತ್ತುತಾಳೆ ಅಂದ್ಕೊಂಡೆ. ಒತ್ಕೊಳ್ಳಲಿ ಬಿಡು, ಅಷ್ಟು ಆಸೆ ಇದ್ರೆ ಇಟ್ಕೊಳ್ಳಲಿ, ನಾನು ನೋಡದೆ ಇದ್ದಂಗೆ ಇದ್ಬಿಡ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕೂತಿದ್ದೆ." ಅಕ್ಕ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. "ನೀನು ಒತ್ತಲಿಲ್ಲ. ಕಣ್ಣಲ್ಲಿ ನೀರಿಟ್ಕೊಂಡು ಅಳಿಸ್ದೆ. ನಾನು ಹೇಳಿದ ಮಾತು ಹುಟ್ಟಿದಾಗಿಂದ ಒಂದಾದ್ರೂ ಕೇಳಿದ್ಯಾ ನೀನು? ಇದೊಂದು ಕೇಳಿದೆ. ನಿನ್ನ ಸಾಕಿದ್ದಕ್ಕೆ ಇಷ್ಟು ಸಾಕು ನಂಗೆ."

ಕಾಲು ತಪ್ಪಿತು ಅಕ್ಕ. ಇಷ್ಟು ಹೇಳಿದ್ದರೆ ಆಗುತ್ತಿತ್ತು. ಒಳಗೆ ಮೈಕು ಇನ್ನೂ ಬಿಚ್ಚಿರಲಿಲ್ಲ, ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಇನ್ನೊಂದು ಸಲ ಗುನುಗು ಎಂದು ಕಾಲಿಗೆ ಬಿದ್ದಿದ್ದರೆ ಅಕ್ಕ ಬೈದುಕೊಂಡಾದರೂ ಗುನುಗುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಗುಂಯ್ಯಮ್ಮ ತಲೆ ಎತ್ತಿ ಅಕ್ಕನ ಮುಖ ನೋಡಿದಳು. ಹಿಗ್ಗಿದ ಮುಖ. ಅವಳು ಕಂಡಷ್ಟು ಕಾಲ ದಣಿದೇ ಇದ್ದ ಮುಖ.

"ಹೂಂ ಅಕ್ಕ," ಎಂದಳು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಡಾಕ್ಟರು ಹೇಳಿದಂತೆಯೇ ಊಟ, ಓಡಾಟ ಎಲ್ಲ ಮೊದಲಿನ ಹಾಗೇ ಇದೆ. ಸಂಜೆ ಫೋನು ಈಗಲೂ ಬರುತ್ತದೆ. ಆ ಕಡೆಯಿಂದ ಚಮಚದಲ್ಲಿ ತಟ್ಟೆಗೆ ತಟ್ಟಿದ ಸದ್ದು ಕೇಳುತ್ತದೆ. ತಿಂದೆ ಅಕ್ಕ ಎಂದು ಅವಳು ಹೇಳುತ್ತಾಳೆ. ಫೋನು ಇಡುವ ಸದ್ದಾಗುತ್ತದೆ. ಆ ಗುನುಗನ್ನು ತನ್ನ ಗಂಟಲಲ್ಲಿ ಇಳಿಸಲು ಅವಳು ಪ್ರಯತ್ನಿಸಿದ್ದುಂಟು, ತಿರುಗಣೆ ತಿರುಗಿಸಿ ದನಿಯನ್ನು ಕೆಳಕ್ಕೆ ಎಳೆದದ್ದೂ ಉಂಟು. ಅದು ಯಾರೋ ಬೇರೆ ಹೆಂಗಸಿನ ದನಿಯಾಗುತ್ತದೆ. ಎಲ್ಲಿ ಏರುತ್ತಿತ್ತು ಎಂಬುದು ನೆನಪಿದೆ, ಹೇಗೆ ಕೇಳುತ್ತಿತ್ತು ಎಂಬುದು ದಿನದಿನಕ್ಕೆ ಮಾಸುತ್ತಿದೆ. ಈ ಮಾತನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಬಹುದಾದವಳು ಅಕ್ಕ ಒಬ್ಬಳೇ, ಅವಳಿಗೇ ಹೇಳುವಂತಿಲ್ಲ.

ಅಕ್ಕ ಈಗ ಒಂದು ಕಾರ್ಯಕ್ರಮವನ್ನೂ ತಪ್ಪಿಸುವುದಿಲ್ಲ. ಇಸ್ತ್ರಿ ಮಾಡಿದ ಸ್ಕಾರ್ಫನ್ನು ಕುತ್ತಿಗೆಗೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನಡುವೆ ಎದ್ದು ಹೋಗುವುದಿಲ್ಲ. ಹಾಡು ಮುಗಿದು ತಂಗಿಯ ಕಾಲು ಕೆಂಪು ಪೆಡಲಿನ ಕಡೆ ಹೊರಟಾಗ ನೆಟ್ಟಗೆ ಕೂತು, ಅಕ್ಕಪಕ್ಕದ ಅಪರಿಚಿತರ ಮೊಣಕೈ ಮುಟ್ಟಿ, ನೋಡಿ ಎನ್ನುವ ಹಾಗೆ ಅವಳ ಕಡೆಗೆ ಕೈ ತೋರಿಸುತ್ತಾಳೆ, ಆಮೇಲೆ ಅದೇ ಕೈಯಿಂದ ತನ್ನ ಎದೆ ತಟ್ಟಿಕೊಳ್ಳುತ್ತಾಳೆ, ನನ್ನ ತಂಗಿ ಎಂದು. ಗುಂಯ್ಯಮ್ಮ ಅದನ್ನು ನೋಡುತ್ತಲೇ ಒತ್ತಿ ಹಿಡಿಯುತ್ತಾಳೆ.